ಭ್ರೂಣ ಸಂರಕ್ಷಣೆಯೂ ನಮ್ಮ ಊರದನವೂ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಟ್ಟಿಗಳನ್ನು ಬಲ್ಲವರಿಗೆ ಒಂದು ಸಂಗತಿಯು ತಿಳಿಯದೆ ಇರಲಾರದು. ಬೆಳಗ್ಗೆ ಗುಡ್ಡೆಗೆ ಹೋಗಿ ಸಂಜೆ ತಾವಾಗಿಯೇ ಮರಳುತ್ತಿದ್ದ ಗಿಡ್ಡ ದನಗಳ ಸ್ಥಾನದಲ್ಲಿ ಇಂದು ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ನಿಂತಿವೆ. ಸಂಘಕ್ಕೆ ಹಾಲು ಹಾಕಿ ಸಂಸಾರ ಸಾಗಿಸುವ ಕೃಷಿಕನನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಆದರೆ ನಮ್ಮ ಮಳೆಯನ್ನೂ ಒರಟು ಮೇವನ್ನೂ ಸಹಿಸಿ ಬಾಳುವ ಈ ತಳಿಯು ಅಳಿದರೆ ಅದನ್ನು ಯಾವ ಸಂತೆಯಲ್ಲಿಯೂ ಕೊಳ್ಳಲಾಗದು.

ಈ ಸಂದರ್ಭದಲ್ಲಿ ಪ್ರಯೋಗಶಾಲೆಯ ಒಂದು ವಿದ್ಯೆಯು ವಿಚಾರಾರ್ಹವಾಗಿದೆ. ಹಸುವಿನ ಅಂಡಾಶಯದಿಂದ ಸೂಜಿಯ ಮೂಲಕ ಅಂಡಗಳನ್ನು ಹೀರಿ, ಒಂದು ದಿನ ಪಕ್ವಗೊಳಿಸಿ, ಗಾಜಿನ ಪಾತ್ರೆಯಲ್ಲಿ ವೀರ್ಯದೊಡನೆ ಕೂಡಿಸಿ, ಸುಮಾರು ಏಳು ದಿನ ಬೆಳೆಯಿಸಿದರೆ ಕೆಲವು ಭ್ರೂಣಗಳು ದೊರೆಯುವುವು. ಒಳಗಿನ ನೀರು ಹರಳುಗಟ್ಟಿ ಜೀವಕೋಶಗಳನ್ನು ಸೀಳದಂತೆ ರಕ್ಷಕ ದ್ರಾವಣದಲ್ಲಿಟ್ಟು, ಸಪುರವಾದ ಕೊಳವೆಯಲ್ಲಿ ತುಂಬಿ, ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಅವು ವರ್ಷಾನುಗಟ್ಟಲೆ ಉಳಿಯುವುವು. ಘನೀಕರಿಸಿದ ಭ್ರೂಣದಿಂದ ಮೊದಲನೆಯ ಕರು 1973ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿತು. ಗಾಜಿನ ಪಾತ್ರೆಯಲ್ಲಿ ಫಲಿತಗೊಂಡ ಮೊದಲನೆಯ ಕರು 1981ರಲ್ಲಿ ಅಮೇರಿಕದಲ್ಲಿ. ನಮ್ಮ ಕರ್ನಾಲಿನ ವಿಜ್ಞಾನಿಗಳು 1990ರಲ್ಲಿ ಇದೇ ಕ್ರಮದಿಂದ ‘ಪ್ರಥಮ್’ ಎಂಬ ಎಮ್ಮೆಗರುವನ್ನು ಪಡೆದರು.

ವೀರ್ಯದ ಸಂಗ್ರಹವು ಹೇಗೂ ಇದೆಯಲ್ಲ ಎಂದು ಕೆಲವರು ಕೇಳಬಹುದು. ವೀರ್ಯದಲ್ಲಿರುವುದು ತಂದೆಯ ಅರ್ಧಾಂಶ ಮಾತ್ರ. ಹಸುಗಳೇ ಇಲ್ಲವಾದ ಮೇಲೆ ವೀರ್ಯವೊಂದರಿಂದ ತಳಿಯನ್ನು ಮರಳಿ ಕಟ್ಟಲು ಹಲವು ತಲೆಮಾರು ಬೇಕು. ಆಗಲೂ ಪರತಳಿಯ ಅಂಶವು ಪೂರ್ತಿಯಾಗಿ ತೊಲಗದು. ಭ್ರೂಣದಲ್ಲಿಯಾದರೋ ತಂದೆತಾಯಿಗಳಿಬ್ಬರ ಅಂಶವೂ ಇರುವುದರಿಂದ, ಮಿಶ್ರತಳಿಯ ಹಸುವಿನ ಬಸಿರಿನಲ್ಲಿಯೂ ಶುದ್ಧ ಗಿಡ್ಡ ಕರುವು ಬೆಳೆಯಬಲ್ಲುದು.

ಆದರೂ ಇದನ್ನು ಮಾಯಾದಂಡವೆಂದು ನಂಬಬಾರದು. ಪ್ರಯೋಗಶಾಲೆಯ ಭ್ರೂಣದಲ್ಲಿ ಕೊಬ್ಬಿನಂಶ ಹೆಚ್ಚಾಗಿರುವುದರಿಂದ ಗರ್ಭದಲ್ಲಿ ಬೆಳೆದ ಭ್ರೂಣದಷ್ಟು ಶೈತ್ಯವನ್ನು ಅದು ತಾಳಲಾರದು; ನೆಟ್ಟುದೆಲ್ಲ ನಿಲ್ಲುವುದಿಲ್ಲ. ಜಾಡಿಯಲ್ಲಿ ಸಾರಜನಕವು ಬತ್ತಿದರೆ ಸಂಗ್ರಹವೆಲ್ಲ ಒಮ್ಮೆಗೇ ನಾಶವಾಗುವುದು. ಆದುದರಿಂದ ಅದನ್ನು ಎರಡು ಕಡೆ ಇಡತಕ್ಕದ್ದು.

ನಮ್ಮ ನಿಜವಾದ ಆತಂಕವು ಬೇರೆಯೇ ಇದೆ. ಹೆಚ್ಚು ಹಾಲಿನ ಕರುಗಳನ್ನು ಬೇಗ ಬೇಗ ಪಡೆಯುವುದಕ್ಕೆ ಮಾತ್ರವೇ ಈ ವಿದ್ಯೆಯು ಸಲ್ಲುವುದಾದರೆ, ಊರದನವನ್ನು ಉಳಿಸಬೇಕಾದ ಸಾಧನವೇ ಅದನ್ನು ಹಟ್ಟಿಯಿಂದ ಹೊರದೂಡುವುದು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಯೋಜನೆಯು ದೇಶೀಯ ತಳಿಗಳ ರಕ್ಷಣೆಯನ್ನು ತನ್ನ ಉದ್ದೇಶವೆಂದು ಸಾರಿದೆ. ಮಲೆನಾಡು ಗಿಡ್ಡವು ಮಾನ್ಯತೆ ಪಡೆದ ತಳಿ; ಜಿಲ್ಲೆಯ ಕೊಯಿಲದಲ್ಲಿ ಸರಕಾರದ ಜಾನುವಾರು ಕ್ಷೇತ್ರವೂ ಇದೆ. ಹೀಗಿರುವಾಗ ಮೂರು ತಾಲೂಕುಗಳ ಬೇರೆಬೇರೆ ಹಟ್ಟಿಗಳಿಂದ ಹಸುಗಳನ್ನು ಆರಿಸಿ ಭ್ರೂಣಗಳನ್ನು ಸಂಗ್ರಹಿಸತಕ್ಕದ್ದು. ಒಂದೇ ಹೋರಿಯ ಸಂತತಿಯನ್ನು ತುಂಬಿಡುವುದು ಸಂರಕ್ಷಣೆಯೆನಿಸದು. ಹಸುವನ್ನು ಕೊಟ್ಟು ಸಹಕರಿಸುವ ಕೃಷಿಕನಿಗೆ ತಕ್ಕ ಗೌರವಧನವೂ ಸಲ್ಲಬೇಕು.

ಶೈತ್ಯದ ಜಾಡಿಯು ಹಟ್ಟಿಗೆ ಬದಲಲ್ಲ. ಅದು ಆಪತ್ಕಾಲದ ಬೀಜದ ಮುಡಿ. ಬಿತ್ತಲು ಗದ್ದೆಯೂ ಬಿತ್ತುವವನೂ ಉಳಿದಿದ್ದರೆ ಮಾತ್ರ ಮುಡಿಯಿಂದ ಪ್ರಯೋಜನ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ನಮ್ಮ ಪಾಲಿಗೆ ಸತ್ಯವಾಗದಿರಲಿ. ಅಂಡವನ್ನು ಪಡೆಯಬೇಕಾದುದು ಬದುಕಿರುವ ಹಸುವಿನಿಂದಲೇ. ಅಂತಹ ಹಸುಗಳು ನಮ್ಮ ಗುಡ್ಡೆಗಳಲ್ಲಿ ಇನ್ನೂ ಮೇಯುತ್ತಿವೆ.