ಬಲೂನು ಹಿಗ್ಗಿದಂತೆ ಒತ್ತಡ ಏರುತ್ತದೆಯೇ? ತಪ್ಪು ಕಲ್ಪನೆ ಮತ್ತು ಸತ್ಯ

ದಾವಣಗೆರೆಯ ದುರ್ಗಾಂಬಿಕಾ ದೇವಿಯ ಜಾತ್ರೆಯಲ್ಲಾಗಲಿ ಹರಿಹರದ ಹರಿಹರೇಶ್ವರ ಸ್ವಾಮಿಯ ರಥೋತ್ಸವದಲ್ಲಾಗಲಿ ಮಕ್ಕಳ ಕೈಸೇರುವ ರಬ್ಬರ್ ಬಲೂನು, ಅಂದರೆ ಆಡುಮಾತಿನ ಪುಗ್ಗ, ನೋಡಲು ಸರಳವಾದ ವಸ್ತುವಾದರೂ ಅದರೊಳಗಿನ ಗಾಳಿಯ ಒತ್ತಡದ ಏರಿಳಿತ ಸಾಮಾನ್ಯ ಊಹೆಗೆ ವಿರುದ್ಧವಾಗಿದೆ. ಒಳಗಿನ ಒತ್ತಡವು ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆಯೋ ಅದನ್ನು ಇಲ್ಲಿ ‘ಹೆಚ್ಚುವರಿ ಒತ್ತಡ’ ಎಂದು ಕರೆಯಲಾಗಿದೆ.

ತಪ್ಪು ಕಲ್ಪನೆ 1: ಗಾಳಿ ತುಂಬಿದಷ್ಟೂ ಒತ್ತಡ ಏರುತ್ತಲೇ ಹೋಗುತ್ತದೆ.

ಸತ್ಯ: ಈ ನಂಬಿಕೆಗೆ ಸೈಕಲ್ ಚಕ್ರದ ಅನುಭವ ಇಂಬು ಕೊಟ್ಟಿದೆ. ಅಲ್ಲಿ ಗಟ್ಟಿಯಾದ ಟೈರು ಟ್ಯೂಬನ್ನು ಹಿಗ್ಗಗೊಡದಿರುವುದರಿಂದ ಪಂಪು ಒತ್ತಿದಂತೆಲ್ಲ ಒತ್ತಡ ಏರುತ್ತದೆ. ಬಲೂನಿಗೆ ಅಂತಹ ಕಟ್ಟು ಇಲ್ಲ. ಲಾಪ್ಲಾಸ್‌ನ ಹೆಸರಿನ ನಿಯಮದಂತೆ, ಗೋಳಾಕಾರದ ತೆಳುಪೊರೆಯ ಬಿಗಿತವನ್ನು, ಅಂದರೆ ಒಂದು ಮೀಟರ್ ಅಗಲದ ಪೊರೆಯ ಸೆಳೆತದ ಬಲವನ್ನು, ಎರಡರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದರೆ ಹೆಚ್ಚುವರಿ ಒತ್ತಡ ದೊರೆಯುತ್ತದೆ. ತ್ರಿಜ್ಯ ಇಮ್ಮಡಿಯಾದಾಗ ಪೊರೆಯ ಹರವು ನಾಲ್ಕು ಪಟ್ಟಾಗಿ ದಪ್ಪವು ಕಾಲುಭಾಗಕ್ಕೆ ಇಳಿಯುವುದರಿಂದ ಬಿಗಿತವು ಬಹುಬೇಗ ಹೆಚ್ಚುಕಡಿಮೆ ಸ್ಥಿರವಾಗುತ್ತದೆ, ತ್ರಿಜ್ಯವಾದರೋ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಆದರ್ಶ ರಬ್ಬರಿನ ಲೆಕ್ಕದಲ್ಲಿ ತ್ರಿಜ್ಯವು ಮೂಲದ ಸುಮಾರು 1.4 ಪಟ್ಟಾದಾಗಲೇ ಒತ್ತಡ ಶಿಖರ ಮುಟ್ಟಿ, ಅನಂತರ ಇಳಿಯತೊಡಗುತ್ತದೆ. ಮೊದಲ ಕೆಲವು ಊದುಗಳಿಗೆ ಕೆನ್ನೆ ಬಿಗಿಯುವುದೂ ಆಮೇಲೆ ಬಲೂನು ಸಲೀಸಾಗಿ ಉಬ್ಬುವುದೂ ಇದರಿಂದಲೇ. ಒಡೆಯುವ ಹಂತ ಸಮೀಪಿಸಿದಾಗ ರಬ್ಬರಿನ ಸುರುಳಿಗಟ್ಟಿದ ಅಣುಸರಪಳಿಗಳು ನೆಟ್ಟಗಾಗಿ, ಮುಂದೆ ಹಿಗ್ಗಲಾರದೆ ಪೊರೆ ಗಡುಸಾಗುವುದರಿಂದ, ಒತ್ತಡ ಮತ್ತೆ ಏರುತ್ತದೆ.

ತಪ್ಪು ಕಲ್ಪನೆ 2: ದೊಡ್ಡ ಬಲೂನನ್ನೂ ಸಣ್ಣದನ್ನೂ ಕೊಳವೆಯಿಂದ ಜೋಡಿಸಿದರೆ ಎರಡೂ ಒಂದೇ ಗಾತ್ರಕ್ಕೆ ಬರುತ್ತವೆ.

ಸತ್ಯ: ಒಂದೇ ಬಗೆಯ ಎರಡು ಬಲೂನುಗಳು ಒತ್ತಡದ ಶಿಖರವನ್ನು ದಾಟಿ ಇಳಿತದ ಹಂತದಲ್ಲಿದ್ದರೆ, ಸಣ್ಣದರಲ್ಲಿಯೇ ಒತ್ತಡ ಹೆಚ್ಚಿರುವುದರಿಂದ ಗಾಳಿಯು ಅದರಿಂದ ದೊಡ್ಡದಕ್ಕೆ ಹರಿದು, ಸಣ್ಣದು ಇನ್ನಷ್ಟು ಕುಗ್ಗಿ ದೊಡ್ಡದು ಇನ್ನಷ್ಟು ಹಿಗ್ಗುತ್ತದೆ. ಹರಿವು ನಿಲ್ಲುವುದು ಒತ್ತಡಗಳು ಸಮವಾದಾಗ, ಗಾತ್ರಗಳು ಸಮವಾದಾಗ ಅಲ್ಲ.

ತಪ್ಪು ಕಲ್ಪನೆ 3: ಬಲೂನಿನೊಳಗಿನ ಒತ್ತಡ ಹೊರಗಿನದಕ್ಕಿಂತ ಹಲವು ಪಟ್ಟು ಹೆಚ್ಚು.

ಸತ್ಯ: ಸಾಮಾನ್ಯ ಬಲೂನಿನ ಹೆಚ್ಚುವರಿ ಒತ್ತಡ ಕೆಲವೇ ಕಿಲೋಪಾಸ್ಕಲ್, ಸುಮಾರು 2ರಿಂದ 4ರಷ್ಟು; ಕಿಲೋಪಾಸ್ಕಲ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಸಾವಿರ ನ್ಯೂಟನ್ ಬಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ವಾಯುಮಂಡಲದ ಒತ್ತಡ ಸುಮಾರು 94 ಕಿಲೋಪಾಸ್ಕಲ್, ಕಡಲತೀರದ ಮಂಗಳೂರಿನಲ್ಲಿ ಸುಮಾರು 101. ಈ ಎರಡು ಊರುಗಳ ಬಯಲು ಗಾಳಿಯ ನಡುವಣ ವ್ಯತ್ಯಾಸವೇ ಬಲೂನಿನ ಒಳಗು ಹೊರಗಿನ ವ್ಯತ್ಯಾಸಕ್ಕಿಂತ ದೊಡ್ಡದು.

ಲಾಪ್ಲಾಸ್‌ನ ನಿಯಮದ ಹರವು ಆಟಿಕೆಗೆ ಸೀಮಿತವಲ್ಲ. ಶ್ವಾಸಕೋಶದ ಸಣ್ಣ ಗಾಳಿಗೂಡುಗಳು ದೊಡ್ಡವುಗಳೊಳಗೆ ಬರಿದಾಗದಂತೆ ಕಾಯುವುದರಲ್ಲಿ, ಅವುಗಳ ಒಳಮೈಯ ಬಿಗಿತವನ್ನು ತಗ್ಗಿಸುವ ಸರ್ಫ್ಯಾಕ್ಟಂಟ್ ಎಂಬ ಲೇಪಕ್ಕೆ ಮುಖ್ಯ ಪಾತ್ರವಿದೆ. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುವಿನಲ್ಲಿ ಆ ಲೇಪ ಸಾಕಷ್ಟಿಲ್ಲದಿದ್ದರೆ ಪ್ರತಿಯೊಂದು ಉಸಿರೂ ಹೊಸ ಬಲೂನಿನ ಮೊದಲ ಊದಿನಷ್ಟೇ ಪ್ರಯಾಸದ್ದಾಗುತ್ತದೆ.