ಬೆಲ್ಟು ಜಾರಿದರೆ ಮೊದಲು ಗಾಲಿ ನೋಡಿ

ಊರಿನ ಹಿಟ್ಟಿನ ಗಿರಣಿ, ಕಬ್ಬಿನ ಗಾಣ, ಹಳೇ ವರ್ಕ್‌ಶಾಪಿನ ಮೂಲೆಯ ಲೇತು: ಚಪ್ಪಟೆ ಬೆಲ್ಟು ಇವತ್ತಿಗೂ ಓಡುತ್ತಿರುವ ಜಾಗಗಳಿವು. ಬೆಲ್ಟು ಗಾಲಿಯಿಂದ ಕಳಚಿ ಬಿದ್ದರೆ, ಲೋಡು ಬಿದ್ದ ಕೂಡಲೇ ಜಾರಿದರೆ, ಎಲ್ಲ ಕಡೆಯೂ ಒಂದೇ ಮದ್ದು: ಎರಡಿಂಚು ಕತ್ತರಿಸಿ ಬಿಗಿ ಮಾಡು, ಅದಕ್ಕೂ ಬಗ್ಗದಿದ್ದರೆ ರಾಳ ಹಾಕು. ಆದರೆ ರೋಗ ಬೆಲ್ಟಿನಲ್ಲೇ ಇರುವುದು ಅಪರೂಪ. ಅದು ಗಾಲಿಯಲ್ಲಿರುತ್ತದೆ, ಶಾಫ್ಟಿನಲ್ಲಿರುತ್ತದೆ, ಇಲ್ಲವೇ ಮೋಟಾರು ಕೂರಿಸಿದ ಜಾಗದಲ್ಲಿರುತ್ತದೆ.

“ಗಾಲಿಯ ಎರಡೂ ಬದಿಗೆ ಅಂಚು ಕಟ್ಟಿಸಿದರೆ ಬೆಲ್ಟು ಎಲ್ಲಿಗೆ ಹೋಗುತ್ತೆ?” ಎಂದು ಕೇಳುವವರಿದ್ದಾರೆ. ಅಂಚಿನ ಮೇಲೆಯೇ ಹೋಗುತ್ತದೆ. ಬದಿಗೆ ಉಜ್ಜುತ್ತ ಉಜ್ಜುತ್ತ ಅಂಚನ್ನು ಹತ್ತಿ ಮಗುಚಿಕೊಳ್ಳುತ್ತದೆ, ಇಲ್ಲವೇ ಎಳೆ ಬಿಟ್ಟು ಹರಿಯುತ್ತದೆ. ಚಪ್ಪಟೆ ಬೆಲ್ಟನ್ನು ಹಾದಿಯಲ್ಲಿ ಇಡುವುದು ಗೋಡೆಯಲ್ಲ, ಗಾಲಿಯ ಹೊಟ್ಟೆಯ ಉಬ್ಬು. ಗಾಲಿಯ ನಡುಭಾಗ ಅಂಚಿಗಿಂತ ಕೂದಲೆಳೆಯಷ್ಟು ಎತ್ತರ; ಸಣ್ಣ ಗಾಲಿಗಳಲ್ಲಿ 0.3 ಮಿಲಿಮೀಟರ್ ಇದ್ದರೂ ಸಾಕು. ಬೆಲ್ಟು ಇಳಿಜಾರಿನಿಂದ ಕೆಳಕ್ಕೆ ಜಾರಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದು ಅದರ ತದ್ವಿರುದ್ಧ. ಇಳಿಜಾರಿನ ಮೇಲೆ ಕೂರಲು ಹೋದ ಬೆಲ್ಟು ತನ್ನ ಅಗಲದಲ್ಲೇ ಚೂರು ಬಾಗುತ್ತದೆ. ಹಾಗೆ ಬಾಗಿದ್ದರಿಂದ, ಗಾಲಿಯನ್ನು ಮುಟ್ಟಲು ಬರುತ್ತಿರುವ ಭಾಗ ಎತ್ತರದ ಕಡೆಗೆ ವಾಲಿ ಬರುತ್ತದೆ, ವಾಲಿದ ಜಾಗದಲ್ಲೇ ಗಾಲಿಯನ್ನು ಹಿಡಿಯುತ್ತದೆ. ಸುತ್ತು ಸುತ್ತಿಗೂ ಹೀಗೆ ಹತ್ತುತ್ತ ನೆತ್ತಿಗೆ ಬಂದು ನಿಲ್ಲುತ್ತದೆ. ನೆತ್ತಿಯ ಆಚೆಗೂ ಇಳಿಜಾರೇ ಆದ್ದರಿಂದ ಅಲ್ಲಿಂದ ಕದಲುವುದಿಲ್ಲ.

ಹಳೇ ಗಾಲಿಯಲ್ಲಿ ಈ ಉಬ್ಬು ಸವೆದಿರುತ್ತದೆ. ಪರೀಕ್ಷೆ ಸುಲಭ. ಮೆಷಿನ್ ನಿಲ್ಲಿಸಿ, ಬೆಲ್ಟು ತೆಗೆದು, ಉಕ್ಕಿನ ಸ್ಕೇಲನ್ನು ಗಾಲಿಯ ಅಗಲಕ್ಕೆ ಅಡ್ಡ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಎರಡು ತುದಿಯಲ್ಲೂ ಬೆಳಕಿನ ಗೆರೆ ಕಂಡರೆ ಉಬ್ಬು ಉಳಿದಿದೆ. ಬೆಳಕು ನಡುವೆ ಕಂಡರೆ ಗಾಲಿ ಸವೆದು ಹಳ್ಳ ಬಿದ್ದಿದೆ. ಅದರ ಮೇಲೆ ಎಷ್ಟು ಹೊಸ ಬೆಲ್ಟು ಹಾಕಿದರೂ ದುಡ್ಡು ದಂಡ. ಲೇತಿಗೆ ಕೊಟ್ಟು ಉಬ್ಬು ತಿರುಗಿಸಿಕೊಳ್ಳಬೇಕು. ಆದರೆ ಎರಡು ಗಾಲಿಗಳಲ್ಲಿ ಒಂದು ಸಪಾಟಾಗಿದ್ದರೆ ಅದನ್ನು ಕೆಟ್ಟಿದೆ ಎನ್ನಬೇಡಿ. ಬೆಲ್ಟನ್ನು ಪಕ್ಕದ ಖಾಲಿ ಗಾಲಿಗೆ ಸರಿಸುವ ಏರ್ಪಾಡು ಇರುವಲ್ಲಿ, ಓಡಿಸುವ ಗಾಲಿಯನ್ನು ಬೇಕೆಂದೇ ಸಪಾಟು ಮಾಡಿರುತ್ತಾರೆ.

ಉಬ್ಬು ಸರಿಯಿದ್ದೂ ಬೆಲ್ಟು ಒಂದೇ ಬದಿಗೆ ಹೋಗುತ್ತಿದ್ದರೆ? ಸುಮ್ಮನೆ ಸ್ವಲ್ಪ ಹೊತ್ತು ನಿಂತು ನೋಡಿ. ಬೆಲ್ಟು ಸದಾ ಒಂದೇ ಬದಿಗೆ ಅಂಟಿಕೊಂಡು ಓಡಿದರೆ ಶಾಫ್ಟುಗಳು ಸಮಾನಾಂತರವಾಗಿಲ್ಲ. ಬೆಲ್ಟು ಒಂದು ಸುತ್ತು ಬಂದಾಗಲೊಮ್ಮೆ ಮಾತ್ರ ಪಕ್ಕಕ್ಕೆ ಹೊಯ್ದಾಡಿದರೆ ಜೋಡಣೆ ಸೊಟ್ಟ. ಗುಣಿಯ ಮಟ್ಟ ಹಿಡಿದು ನೇರ ಕತ್ತರಿಸದೆ ಕಣ್ಣಂದಾಜಿನಲ್ಲಿ ಕತ್ತರಿಸಿ ಹೊಲಿದದ್ದರ ಫಲ. ಶಾಫ್ಟು ಓರೆಯಾದಾಗ ಸಪಾಟು ಗಾಲಿಯ ಮೇಲಿನ ಬೆಲ್ಟು ಬಿಗಿಯಾದ ಕಡೆಗಲ್ಲ, ಸಡಿಲವಾದ ಕಡೆಗೆ, ಅಂದರೆ ಶಾಫ್ಟುಗಳು ಒಂದಕ್ಕೊಂದು ಹತ್ತಿರವಾದ ಕಡೆಗೆ ಸರಿಯುತ್ತದೆ. ಇದು ಗೊತ್ತಿಲ್ಲದೆ ಮೋಟಾರಿನ ಬೋಲ್ಟನ್ನು ಉಲ್ಟಾ ದಿಕ್ಕಿಗೆ ತಳ್ಳಿ ಇಡೀ ದಿನ ಕಳೆಯುವವರು ಬಹಳ.

“ಜಾರಿದರೆ ಬಿಗಿ ಮಾಡಿ” ಎಂಬ ಮಾತೇ ಅತಿ ಹೆಚ್ಚು ಮೆಷಿನ್ ಹಾಳು ಮಾಡಿರುವುದು. ಕೆಲಸ ಮಾಡುವುದು ಬೆಲ್ಟಿನ ಬಿಗಿ ಎಳೆಗೂ ಸಡಿಲು ಎಳೆಗೂ ಇರುವ ವ್ಯತ್ಯಾಸ. ಬೇರಿಂಗ್ ಹೊರುವುದು ಎರಡರ ಮೊತ್ತ. ಬಿಗಿ ಹೆಚ್ಚಿಸಿದಷ್ಟೂ ಬುಷ್ ಬಿಸಿಯಾಗುತ್ತದೆ, ಬಿಸಿಯಾಯಿತೆಂದು ಎಣ್ಣೆ ಸುರಿಯುತ್ತೇವೆ, ಎಣ್ಣೆ ಬೆಲ್ಟಿಗೆ ಸಿಡಿಯುತ್ತದೆ, ಬೆಲ್ಟು ಇನ್ನಷ್ಟು ಜಾರುತ್ತದೆ, ಮತ್ತೆ ಬಿಗಿ ಮಾಡುತ್ತೇವೆ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಉಕ್ಕಿನ ಕಾರ್ಖಾನೆಯೊಂದರ ಬೆಲ್ಟುಗಳ ಲೆಕ್ಕವನ್ನು 9 ವರ್ಷ ಇಟ್ಟು 1893ರಲ್ಲಿ ಮಂಡಿಸಿದ ಪ್ರಬಂಧದ ತಿರುಳೂ ಇದೇ: ಬೆಲ್ಟಿನ ಮೇಲೆ ಆಗಿನ ರೂಢಿಗಿಂತ ಕಡಿಮೆ ಹೊರೆ ಹಾಕಿದರೆ ಅದು ಬಾಳುತ್ತದೆ, ಒಟ್ಟು ಖರ್ಚೂ ಇಳಿಯುತ್ತದೆ.

ಹಿಡಿತ ನಿಜವಾಗಿ ನಿಂತಿರುವುದು ಬೆಲ್ಟು ಗಾಲಿಯನ್ನು ಎಷ್ಟು ದೂರ ಅಪ್ಪಿಕೊಂಡಿದೆ ಎಂಬುದರ ಮೇಲೆ. ಹಳ್ಳಿಯ ಗಿರಣಿಗಳಲ್ಲಿ ಆಗಿರುವ ಅನಾಹುತವೂ ಇಲ್ಲೇ. ಹಿಂದೆ ಡೀಸೆಲ್ ಎಂಜಿನ್ನು ದೂರದಲ್ಲಿ ಕೂತು ನಿಧಾನವಾಗಿ ತಿರುಗುತ್ತಿತ್ತು, ಅದರ ಗಾಲಿಯೂ ದೊಡ್ಡದು. ಅದನ್ನು ಕಿತ್ತು 1440 ಸುತ್ತಿನ ಕರೆಂಟ್ ಮೋಟಾರನ್ನು ಸಣ್ಣ ಗಾಲಿಯೊಡನೆ ಮೆಷಿನ್ನಿನ ಪಕ್ಕದಲ್ಲೇ ಕೂರಿಸಿದರು. ಮೋಟಾರಿನದು 6 ಇಂಚಿನ ಗಾಲಿ, ಗಿರಣಿಯದು 24 ಇಂಚಿನದು, ನಡುವೆ ಶಾಫ್ಟಿನಿಂದ ಶಾಫ್ಟಿಗೆ 18 ಇಂಚು ಎಂದಿಟ್ಟುಕೊಳ್ಳಿ. ಸಣ್ಣ ಗಾಲಿಯ ಮೇಲೆ ಅಪ್ಪುಗೆ ಬರೀ 120 ಡಿಗ್ರಿ. ಮೋಟಾರನ್ನು 8 ಅಡಿ ದೂರ ಇಟ್ಟಿದ್ದರೆ 169 ಡಿಗ್ರಿ ಸಿಗುತ್ತಿತ್ತು. ಪೂರ್ತಿ ಅರ್ಧ ಸುತ್ತಿಗೆ, ಅಂದರೆ 180 ಡಿಗ್ರಿಗೆ ಹೋಲಿಸಿದರೆ, ಅಷ್ಟೇ ಬಿಗಿಯಲ್ಲಿ 120 ಡಿಗ್ರಿಯ ಬೆಲ್ಟು ಹೆಚ್ಚುಕಡಿಮೆ ಮುಕ್ಕಾಲು ಕೆಲಸವನ್ನಷ್ಟೇ ಎಳೆಯಬಲ್ಲದು. ಜಾಗವಿದ್ದರೆ ಮೋಟಾರು ಹಿಂದಕ್ಕೆ ಸರಿಸಿ. ಇಲ್ಲದಿದ್ದರೆ ಸಡಿಲು ಎಳೆಯ ಹೊರಗಿನಿಂದ, ಸಣ್ಣ ಗಾಲಿಯ ಹತ್ತಿರ, ಒಂದು ಒತ್ತುಗಾಲಿ ಹಾಕಿಸಿ. ಮಲಗಿದಂತೆ ಓಡುವ ಬೆಲ್ಟಿನಲ್ಲಿ ಸಡಿಲು ಎಳೆ ಮೇಲಿರಲಿ. ಅದು ಜೋತುಬಿದ್ದಷ್ಟೂ ಅಪ್ಪುಗೆ ಹೆಚ್ಚುತ್ತದೆ. ಜೋತುಬಿದ್ದದ್ದನ್ನು ಕಂಡು ಕತ್ತರಿ ಎತ್ತಬೇಡಿ.

ರಾಳದ ವಿಷಯ ಬೇಗ ಮುಗಿಸಬಹುದು. ಹಾಕಿದ ಗಳಿಗೆಯಲ್ಲಿ ಹಿಡಿಯುತ್ತದೆ ನಿಜ. ಆಮೇಲೆ ಹಿಟ್ಟು, ಧೂಳು ಮೆತ್ತಿಕೊಂಡು ಗಾಜಿನಂಥ ಪದರ ಕಟ್ಟಿ ಮೊದಲಿಗಿಂತ ಹೆಚ್ಚು ಜಾರುತ್ತದೆ. ರಬ್ಬರು ಕ್ಯಾನ್ವಾಸ್ ಬೆಲ್ಟಿಗೆ ಯಾವ ಎಣ್ಣೆಯೂ ಬೇಡ, ಒರೆಸಿ ಸ್ವಚ್ಛವಾಗಿಟ್ಟರೆ ಸಾಕು. ತೊಗಲಿನ ಬೆಲ್ಟು ಒಣಗಿ ಬಿರುಸಾಗಿದ್ದರೆ ತುಸು ಹರಳೆಣ್ಣೆ ಹಿಂದಿನಿಂದಲೂ ರೂಢಿ. ತೊಗಲಿನ ಒರಟು ಮಗ್ಗುಲು ಗಾಲಿಗೆ ಬಂದರೆ ಹಿಡಿತ ಜಾಸ್ತಿ ಎಂಬುದೂ ತಪ್ಪು. ನುಣುಪಾದ, ಕೂದಲಿದ್ದ ಮಗ್ಗುಲೇ ಗಾಲಿಗೆ ತಾಗಬೇಕು. ಗಾಲಿಗೆ ಪೂರ್ತಿ ಕೂತು ಹಿಡಿಯುವುದು ಅದೇ. ಹೊರಕ್ಕೆ ತಿರುಗಿಸಿದರೆ ಬಾಗಿದಾಗ ಬಿರುಕು ಬಿಡುವುದೂ ಅದೇ.

ಕೊನೆಯ ನಂಬಿಕೆ ಪ್ರಾಣಕ್ಕೆ ಎರವಾಗುವಂಥದ್ದು: “ಕೈ ಪಳಗಿದವನಿಗೆ ಓಡುವಾಗಲೇ ಬೆಲ್ಟು ಏರಿಸಲು ಬರುತ್ತೆ, ಬಿಚ್ಚಿದ ಬೆಲ್ಟು ಶಾಫ್ಟಿನ ಮೇಲೆ ತೂಗಿದರೆ ಏನೂ ಆಗಲ್ಲ.” ತಿರುಗುವ ಶಾಫ್ಟಿನ ಮೇಲೆ ತೂಗುವ ಬೆಲ್ಟು ಯಾವ ಗಳಿಗೆಯಲ್ಲಾದರೂ ಸುತ್ತಿಕೊಂಡು ಬೀಸಬಹುದು. 1948ರ ಕಾರ್ಖಾನೆ ಕಾಯ್ದೆ ತನ್ನ 24ನೇ ಕಲಮಿನಲ್ಲಿ ಇದನ್ನು ಹೆಸರಿಟ್ಟೇ ನಿಷೇಧಿಸಿತು. ಗಿರಣಿ ಮಾಲೀಕರಲ್ಲಿ ಕೇಳಿಕೊಳ್ಳುವುದಿಷ್ಟೇ: ಬೆಲ್ಟು ಮುಟ್ಟುವ ಮುಂಚೆ ಮೇನ್ ಸ್ವಿಚ್ ತೆಗೆಯಿರಿ, ಗಾಲಿ ಪೂರ್ತಿ ನಿಲ್ಲಲಿ, ಕಾಳು ಹೊತ್ತು ಬಂದವರ ಸೆರಗು ವೇಲು ತಾಗದಂತೆ ಬೆಲ್ಟಿನ ಸುತ್ತ ಜಾಲರಿ ಹಾಕಿಸಿ.