ಯುರೋಪಿನ ಕೃಷಿ ಸಬ್ಸಿಡಿ: ಹಿಡಿತ ಯಾರದು?

ಪ್ರಶ್ನೆ: ಯುರೋಪಿಯನ್ ಒಕ್ಕೂಟದ ರೈತರಿಗೆ ಸಿಗುವ ಸಬ್ಸಿಡಿಯನ್ನು ನಿರ್ಧರಿಸುವುದು ಒಕ್ಕೂಟವೋ, ಆಯಾ ದೇಶದ ಸರ್ಕಾರವೋ?

ಉತ್ತರ: ಎರಡೂ. ಒಕ್ಕೂಟದ 2021–27ರ ಬಜೆಟ್ಟಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕೃಷಿಗೇ ಮೀಸಲು. ಹಿಂದೆ ಈ ಸಬ್ಸಿಡಿ ‘ಕಡ್ಡಾಯ ವೆಚ್ಚ’ದ ಲೆಕ್ಕದಲ್ಲಿತ್ತು, ಅಂಥ ವೆಚ್ಚದಲ್ಲಿ ಕೊನೆಯ ಮಾತು ಸದಸ್ಯ ಸರ್ಕಾರಗಳ ಸಚಿವರ ಮಂಡಳಿಯದಾಗಿತ್ತು. ಜನರೇ ಆರಿಸಿದ ಯುರೋಪಿಯನ್ ಸಂಸತ್ತಿಗೆ ಸಮಾನ ಅಧಿಕಾರ ಸಿಕ್ಕಿದ್ದು 2009ರಲ್ಲಿ ಲಿಸ್ಬನ್ ಒಪ್ಪಂದ ಜಾರಿಗೆ ಬಂದ ಮೇಲೆ.

2023ರಿಂದ ಪ್ರತಿ ದೇಶವೂ ತನ್ನದೇ ಯೋಜನೆ ರೂಪಿಸಿ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗದ ಒಪ್ಪಿಗೆ ಪಡೆಯುತ್ತದೆ. ರೈತರಿಗೆ ನೇರ ನೆರವು ಪಾವತಿಸುವುದು ದೇಶದ ಸಂಸ್ಥೆ. ಆ ಹಣವನ್ನು ಆಯೋಗ ನಂತರ ತುಂಬಿಕೊಡುತ್ತದೆ. ನಿಯಮ ಮೀರಿ ಖರ್ಚಾಗಿದ್ದರೆ ಆ ದೇಶದಿಂದಲೇ ವಸೂಲು ಮಾಡುತ್ತದೆ. ಹಲವು ದೇಶಗಳ ತೆರಿಗೆದಾರರ ದುಡ್ಡಿಗೆ ಇಂಥ ಕಾವಲು ಬೇಕೇ ಬೇಕು.